ರಿವರ್‌ಸೈಡಿನ ಆಫೀಸಿಗೆ ಒಯ್ದ ತೆಂಗಿನಕಾಯಿ

ನ್ಗಾರಾ, ನೈರೋಬಿ
ತಾ. ೧೧-೩-೨೦೨೫, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಚಿದಾನಂದನಿಗೆ ಅಕ್ಕ ಶಾಂತಾ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಬೆನ್ನಿನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಮೊಂಬಾಸಾದ ಸೆಕೆ ನಮ್ಮ ಮಲ್ಪೆಯ ಸೆಕೆಯ ಹಾಗೆಯೇ, ಅಭ್ಯಾಸ ಇದೆ ಎಂದು ನೀನು ಹೇಳಿದ್ದೆ. ಆದರೆ ಊರಿನ ಸೆಕೆಯಲ್ಲಿ ಮಲಗುವಾಗ ಕೋರ್ಟಿನ ಯೋಚನೆ ಇರಲಿಲ್ಲವಲ್ಲ. ಅಲ್ಲಿ ಈಗ ಉಪವಾಸದ ತಿಂಗಳು, ಹಗಲು ಹೋಟೆಲುಗಳು ಬಾಗಿಲು ಹಾಕಿರುತ್ತವೆ ಎಂದು ನಮ್ಮ ನೆರವಿಗೆ ಬಂದ ಫಿಲೋಮಿನಾ ಹೇಳಿದಾಗಿನಿಂದ ನನಗೆ ಅದೊಂದು ಹೊಸ ಚಿಂತೆ. ನೀನು ಇಳಿದುಕೊಂಡಿರುವ ನಾವಿಕರ ಮನೆಯಲ್ಲಿ ಮಧ್ಯಾಹ್ನ ಏನಾದರೂ ಕೊಡುತ್ತಾರೋ ಇಲ್ಲವೋ? ಫೋನಿನಲ್ಲಿ ಕೇಳಿದರೆ ಆಯ್ತು ಅಕ್ಕ, ಊಟ ಆಯ್ತು ಅನ್ನುತ್ತೀ. ಚಿಕ್ಕವನಿದ್ದಾಗಲೂ ಉಣ್ಣದೆಯೇ ಆಯ್ತು ಅನ್ನುತ್ತಿದ್ದವನು ನೀನು. ಒಣಸಿಗಡಿಯ ಚಟ್ನಿ ಮಾಡಿ ಡಬ್ಬಿಗೆ ಹಾಕಿದ್ದೇನೆ. ಡಬ್ಬಿಯ ಮುಚ್ಚಳ ಸಡಿಲ, ಪ್ಲಾಸ್ಟಿಕ್ಕು ಸುತ್ತಿದ್ದೇನೆ, ಆದರೂ ಎಣ್ಣೆ ಸೋರಿದರೆ ಈ ಕಾಗದಕ್ಕೆ ತಾಗೀತು ಎಂದು ಬೇರೆ ಚೀಲದಲ್ಲಿ ಇಟ್ಟಿದ್ದೇನೆ. ಇಲ್ಲಿ ನಾವು ಕ್ಷೇಮ. ನಿನ್ನ ಭಾವನಿಗೆ ಕೆಮ್ಮು ಸ್ವಲ್ಪ ಇದೆ. ಮಗಳು ವಿಭಾಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಓದುವುದು ಮಾತ್ರ ಕಾಣುವುದಿಲ್ಲ.

ಫೋನ್ ಇರುವಾಗ ಅಕ್ಕ ಯಾಕೆ ಕಾಗದ ಬರೆಯುತ್ತಾಳೆ ಎಂದು ನಿನಗೆ ಅನ್ನಿಸುತ್ತದೆ. ನಿನ್ನ ವಕೀಲರಾದ ವಂಜಿರು ಅವರು ಕೇಸಿನ ವಿಷಯ ಒಂದನ್ನೂ ವಾಟ್ಸಾಪಿನಲ್ಲಿ ಬರೆಯಬೇಡಿ, ನಾಳೆ ಅದನ್ನೇ ಕೋರ್ಟಿನಲ್ಲಿ ಓದುತ್ತಾರೆ ಎಂದು ಹೆದರಿಸಿದ್ದಾರೆ. ಬಾಯಿಯಲ್ಲಿ ಹೇಳೋಣವೆಂದು ನಿನ್ನೆಯಿಂದ ಎಷ್ಟು ಸಲ ನಿನಗೆ ಫೋನ್ ಮಾಡಿದೆ, ನೀನೇ ನೋಡಿದ್ದೀ. ಪ್ರತಿ ಸಲವೂ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ. ನಾನು ಏಳನೆಯ ತರಗತಿ ಪೂರ್ತಿ ಮಾಡಿದವಳಲ್ಲ, ಬರೆಯುವುದರಲ್ಲೂ ಸರಾಗ ಇಲ್ಲ. ಆದರೂ ಬರೆಯುವಾಗ ನಿನ್ನ ಮುಖ ಕಾಣುವುದಿಲ್ಲ ಎನ್ನುವ ಒಂದು ಅನುಕೂಲ ಇದೆ. ಫಿಲೋಮಿನಾ ಮಧ್ಯಾಹ್ನದ ರೈಲಿಗೆ ಮೊಂಬಾಸಾಕ್ಕೆ ಹೊರಟಿದ್ದಾಳೆ. ಹಡಗಿನವರಿಗೆ ನೆರವು ಕೊಡುವ ಅವಳ ಆ ಸಂಸ್ಥೆ ಇಲ್ಲದಿದ್ದರೆ ನಮಗೆ ವಕೀಲರಾದರೂ ಯಾರು ಸಿಗುತ್ತಿದ್ದರು? ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಂದು ಚಟ್ನಿ ಮತ್ತು ಕಾಗದ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಮೊದಲು, ನಿನ್ನ ಕೇಸು ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ತಪ್ಪಿದ್ದರೆ ನೀನು ತಿದ್ದು. ವಕೀಲರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ವಿಭಾ ನನಗೆ ಕನ್ನಡದಲ್ಲಿ ಹೇಳಲು ಹೋಗಿ ಅರ್ಧ ಇಂಗ್ಲಿಷಿನಲ್ಲಿಯೇ ಹೇಳಿದಳು, ಹಾಗಾಗಿ ನಡುವೆ ಎಲ್ಲೋ ಉದುರಿಹೋಗಿರಬಹುದು. ಹಡಗು ಈ ಕಡೆಗೆ ಬರುವಾಗ ನೀನು ಮೇಲಿನ ಅಟ್ಟದಲ್ಲಿ ಕಾವಲು ನಿಂತಿದ್ದೆ. ದೂರದಲ್ಲಿ ಒಂದು ಮೀನಿನ ದೋಣಿ ಕಂಡಿತು, ಅದರಲ್ಲಿದ್ದವರು ಅಂಗಿ ಬಿಚ್ಚಿ ಬೀಸುತ್ತಿದ್ದರು. ನೀನು ಹೋಗಿ ಕ್ಯಾಪ್ಟನರಿಗೆ ಹೇಳಿದೆ. ಅವರು ದುರ್ಬೀನಿನಲ್ಲಿ ನೋಡಿ, ಬಲೆ ಹಾಕಿದ್ದೇವೆ, ದೂರ ಹೋಗಿ ಎಂದು ಬೀಸುತ್ತಿದ್ದಾರೆ, ಇಲ್ಲದಿದ್ದರೆ ಕಡಲ್ಗಳ್ಳರ ಆಟ, ಹಡಗು ನಿಲ್ಲಿಸಬಾರದು ಎಂದು ಆರ್ಡರ್ ಕೊಟ್ಟರು. ನೀನು ಕೆಳಗೆ ಓಡಿ, ಯಾರನ್ನೂ ಕೇಳದೆ, ಹಡಗಿನ ಪ್ರಾಣರಕ್ಷಕ ತೆಪ್ಪದ ಕಟ್ಟು ಬಿಚ್ಚಿ ಅವರ ಕಡೆಗೆ ಸಮುದ್ರಕ್ಕೆ ಬಿಟ್ಟುಬಿಟ್ಟೆ. ಹಡಗು ನಿಲ್ಲಲಿಲ್ಲ. ಮೊಂಬಾಸಾದಲ್ಲಿ ಬಂದರಿನವರು ಹಡಗು ಹತ್ತಿ ನೋಡುವಾಗ ಒಂದು ತೆಪ್ಪ ಕಡಿಮೆ. ಹೊಸದು ತರಿಸುವ ತನಕ ಹೊರಡಬಾರದೆಂದು ಹಡಗನ್ನು ತಡೆದರು. ಅದರ ಸಿಟ್ಟೆಲ್ಲ ನಿನ್ನ ಮೇಲೆ. ಆಜ್ಞೆ ಮೀರಿದ, ಹಡಗಿನ ಶಿಸ್ತು ಮುರಿದ ಎಂದು ನಿನ್ನನ್ನು ಇಳಿಸಿ, ಯಾವ ಹಡಗು ಹತ್ತಲೂ ಬೇಕಾದ ನಿನ್ನ ನಾವಿಕರ ಪುಸ್ತಕ ಇಟ್ಟುಕೊಂಡು ಅವರು ಹೊರಟುಹೋದರು. ಗುರುವಾರ ಕೋರ್ಟು. ಇಷ್ಟು ಸರಿಯೇ?

ನಿನ್ನ ಬಾಯಿಂದ ಕೇಳಿದ್ದು ಮಾತ್ರ ಒಂದೇ ಮಾತು. ನೀನು ಇಳಿದ ದಿನ ಫೋನಿನಲ್ಲಿ, ಯಾಕೆ ಮಾರಾಯ ಹೀಗೆ ಮಾಡಿದ್ದು ಎಂದು ನಾನು ಅತ್ತಾಗ, ‘ಅಕ್ಕ, ದೋಣಿಯಲ್ಲಿ ಒಬ್ಬ ನಿಂತ್ಕೊಂಡಿದ್ದ’ ಅಂದೆ. ಅಷ್ಟೇ. ವಿಭಾಳಿಗೆ ಅದು ತಿಳಿಯಲಿಲ್ಲ, ನಿನ್ನ ಭಾವ ಫ್ಯಾಕ್ಟರಿಯ ಬಾಯ್ಲರಿನ ಎದುರು ಆಯುಷ್ಯ ಕಳೆದವರು, ಅವರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಅಷ್ಟು ಸಣ್ಣ ದೋಣಿಯಲ್ಲಿ, ಅಲೆಯ ಮೇಲೆ, ಬಲೆ ಇರುವವನು ಕೂತೇ ಬೀಸುತ್ತಾನೆ. ಎದ್ದು ನಿಲ್ಲುವವನು ಕೂರುವ ಜಾಗದಲ್ಲಿ ನೀರು ತುಂಬಿದವನು.

ನಮ್ಮ ಮೀನುಗಾರರ ಪಟ್ಣದಲ್ಲಿ ಇದು ಕೇಳುವ ವಿಷಯವೇ ಅಲ್ಲ. ಕೈ ಎತ್ತಿದ ದೋಣಿಯನ್ನು ದಾಟಿ ಬಂದವನನ್ನು ಊರ ಹಿರಿಯರಾದ ಗುರಿಕಾರರು ಸಭೆಗೆ ಕರೆಸುತ್ತಿದ್ದರು. ಹಾಗೆ ಬಂದಿದ್ದ ಒಬ್ಬರಿಗೆ ಒಂದು ಮಳೆಗಾಲ ಪೂರ್ತಿ ಯಾರೂ ಬೆಂಕಿಕಡ್ಡಿ ಕೂಡ ಕೊಡದಿದ್ದದ್ದು ನನಗೆ ನೆನಪಿದೆ, ನೀನಾಗ ತೊಟ್ಟಿಲಲ್ಲಿದ್ದೆ. ಹಾಗೆಯೇ ದೋಣಿ ನಡೆಸುವ ತಂಡೇಲನ ಮಾತು ಮೀರಿದವನನ್ನೂ ಕರೆಸುತ್ತಿದ್ದರು, ಯಾಕೆಂದರೆ ದೋಣಿಗೆ ಒಬ್ಬನೇ ಯಜಮಾನ. ಅವನು ಸಭೆಯಲ್ಲಿ ತಂಡೇಲನ ಎದುರು ವೀಳ್ಯ, ತೆಂಗಿನಕಾಯಿ ಇಟ್ಟು ತಪ್ಪಾಯ್ತು ಅನ್ನಬೇಕು. ತಂಡೇಲ ಕಾಯಿಯನ್ನು ಕೈಗೆ ತೆಗೆದುಕೊಂಡನೋ, ಮುಗಿಯಿತು. ಆಮೇಲೆ ಆ ಮಾತನ್ನು ಎತ್ತಿದವನಿಗೇ ದಂಡ. ಮರುದಿನ ಇಬ್ಬರೂ ಒಂದೇ ದೋಣಿಯಲ್ಲಿ ಹೋಗುತ್ತಿದ್ದರು. ಯಾರು ಸರಿ, ಯಾರು ತಪ್ಪು ಎಂದು ತೂಕ ಮಾಡುವುದಕ್ಕಲ್ಲ ಆ ಕಾಯಿ, ಮರುದಿನ ದೋಣಿ ಹೊರಡಬೇಕಲ್ಲ ಅದಕ್ಕೆ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತೇನೆಂದರೆ, ನಾನು ಮಾಡಿದ್ದು ಎಲ್ಲಿಂದ ಬಂತು ಎಂದು ನಿನಗೆ ಗೊತ್ತಾಗಲಿ ಎಂದು. ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ.

ಹೋದ ಗುರುವಾರ ನಾನು ನಿನ್ನ ಕಂಪನಿಯ ಇಲ್ಲಿನ ಏಜೆಂಟರ ಆಫೀಸಿಗೆ ಹೋಗಿದ್ದೆ, ಚಿದಾನಂದ. ರಿವರ್‌ಸೈಡಿನಲ್ಲಿ, ಗಾಜಿನ ಕಟ್ಟಡ. ನಿನ್ನ ಭಾವನಿಗೆ ಹೇಳಲಿಲ್ಲ, ವಿಭಾ ಶಾಲೆಗೆ ಹೋಗಿದ್ದಳು. ಹಿಂದಿನ ದಿನ ನ್ಗಾರಾದ ಸಂತೆಯಲ್ಲಿ ಕಾಯಿ ಹುಡುಕಿದ್ದೇ ಒಂದು ಕಥೆ. ಇಲ್ಲಿಯವರು ಜುಟ್ಟು ಕಿತ್ತು ಬೋಳು ಮಾಡಿಯೇ ಮಾರುತ್ತಾರೆ, ನನಗೆ ಜುಟ್ಟಿರುವುದೇ ಬೇಕು. ಅಂಗಡಿಯ ಹೆಂಗಸು, ಇಲ್ಲಿಯವರು ಅಮ್ಮಾ ಎನ್ನುವ ಹಾಗೆ, ಮಾಮಾ, ಕೂದಲು ತಿನ್ನುತ್ತೀಯಾ ಎಂದು ಎಲ್ಲರ ಎದುರು ನಗೆ ಮಾಡಿದಳು, ಆಮೇಲೆ ಮೂಟೆಯ ತಳದಿಂದ ಒಂದನ್ನು ತೆಗೆದುಕೊಟ್ಟಳು. ಮಟಾಟು ವ್ಯಾನಿನಲ್ಲಿ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ, ಪಕ್ಕದವನು ನನ್ನ ಹೊಟ್ಟೆ ನೋಡಿ ಎದ್ದು ಒಳ್ಳೆಯ ಸೀಟು ಬಿಟ್ಟುಕೊಟ್ಟ, ಈ ವಯಸ್ಸಿನಲ್ಲಿ. ಕಟ್ಟಡದ ಗೇಟಿನಲ್ಲಿ ಕಾವಲಿನವನು ಕಾಯಿಯನ್ನು ಆ ಪೀಂಪೀಂ ಅನ್ನುವ ಯಂತ್ರದಿಂದ ಸವರಿ, ಕಿವಿಯ ಹತ್ತಿರ ಅಲ್ಲಾಡಿಸಿ, ಸವಾ ಸವಾ, ಸರಿ ಸರಿ ಎಂದು ಒಳಗೆ ಬಿಟ್ಟ.

ಏಜೆಂಟರ ಹೆಸರು ಆಶಿಷ್. ಮುಂಬೈ ಕಡೆಯವರು ಎಂದು ಕಾಣುತ್ತದೆ. ಎಷ್ಟು ಮರ್ಯಾದಸ್ಥರು ಎಂದರೆ, ನಾನು ಒಳಗೆ ಹೋದಾಗ ಎದ್ದು ನಿಂತರು, ಆಂಟಿ ಎಂದರು, ಚಹಾ ತರಿಸಿದರು. ನಾನು ನನಗೆ ಬರುವ ಹಿಂದಿಯಲ್ಲಿ, ಹುಡುಗ ಸಿಟ್ಟಿನವನಲ್ಲ, ಕ್ಯಾಪ್ಟನರಿಗೆ ಅಗೌರವ ಮಾಡಬೇಕೆಂದು ಮಾಡಿದ್ದಲ್ಲ, ದೊಡ್ಡವರು ನೀವು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಹೇಳಿ, ವೀಳ್ಯದೆಲೆಯ ಮೇಲೆ ಕಾಯಿ ಇಟ್ಟು ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ನೋಡು, ಎರಡೂ ಕೈಯಲ್ಲಿ. ಕಣ್ಣಿಗೂ ಒತ್ತಿಕೊಂಡರು. ಆಮೇಲೆ, ‘ತೋ ಚಿದಾನಂದ್ ನೇ ಗಲ್ತೀ ಮಾನ್ ಲೀ, ಆಂಟೀ?’ ಎಂದು, ಹಾಗಾದರೆ ಚಿದಾನಂದ ತಪ್ಪು ಒಪ್ಪಿಕೊಂಡನಲ್ಲ ಎಂದು, ಬಹಳ ಮೆಲ್ಲಗೆ ಕೇಳಿದರು. ಹಾಂ ಜೀ ಎಂದೆ. ಮೂಲೆಯಲ್ಲಿ ಒಬ್ಬಳು ಹುಡುಗಿ ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡುತ್ತಿದ್ದಳು, ನಾನು ಅದನ್ನು ನನ್ನ ವಿಷಯ ಎಂದು ತಿಳಿಯಲಿಲ್ಲ. ಹೊರಗೆ ಬರುವಾಗ ನನ್ನ ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಿತ್ತು. ಮನೆಗೆ ಬಂದು ಗಡದ್ದಾಗಿ ನಿದ್ದೆ ಮಾಡಿದೆ. ಭಾವ ಬಂದಾಗ ಸಾರು ಇನ್ನೂ ಆಗಿರಲಿಲ್ಲ.

ನಿನ್ನೆ ವಂಜಿರು ಅವರು ಫೋನ್ ಮಾಡಿದರು. ಕಂಪನಿಯವರು ಕೋರ್ಟಿಗೆ ಒಂದು ಹೇಳಿಕೆ ಕೊಟ್ಟಿದ್ದಾರಂತೆ. ಆರೋಪಿಯ ಸ್ವಂತ ಅಕ್ಕ ತಾನಾಗಿಯೇ ಆಫೀಸಿಗೆ ಬಂದು, ತಮ್ಮ ಮಾಡಿದ್ದು ತಪ್ಪು ಎಂದು ಎರಡು ಜನರ ಎದುರು ಒಪ್ಪಿಕೊಂಡು, ಕ್ಷಮೆ ಕೇಳಿದ್ದಾಳೆ, ತಮ್ಮನೇ ತಪ್ಪು ಒಪ್ಪಿದ್ದಾನೆ ಎಂದೂ ಹೇಳಿದ್ದಾಳೆ ಎಂದು. ವಿಭಾ ಇದನ್ನು ನನಗೆ ಹೇಳಿ, ‘ಅಮ್ಮಾ, ವೈ ವುಡ್ ಯೂ ಡೂ ದಟ್’ ಎಂದು ಕೇಳಿದಳು. ನಾನು, ಅವರು ಕಾಯಿ ತೆಗೆದುಕೊಂಡಿದ್ದಾರೆ, ಆಮೇಲೆ ಹೇಗೆ ಕೇಸು ನಡೆಸುತ್ತಾರೆ ಎಂದು ಕೇಳಿದೆ. ಅವಳು ಅದನ್ನು ವಕೀಲರಿಗೆ ಇಂಗ್ಲಿಷಿನಲ್ಲಿ ಹೇಳಲು ಎರಡು ಸಲ ಶುರು ಮಾಡಿ, ಕೋಕೊನಟ್ ಎಂಬಲ್ಲಿಗೇ ಬಿಟ್ಟುಬಿಟ್ಟಳು. ಈಗಲೂ ನನಗೆ ಅದೇ ಅರ್ಥವಾಗುವುದಿಲ್ಲ. ಬೇಡವಾಗಿದ್ದರೆ ತೆಗೆದುಕೊಳ್ಳಬಾರದಿತ್ತು. ಮನೆಗೆ ಒಯ್ದು ಚಟ್ನಿ ಅರೆದು ತಿಂದಿರಬಹುದು. ತಿಂದು ಹೇಳಿಕೆ ಕೊಟ್ಟರೇ?

ನಿನ್ನ ಭಾವನಿಗೆ ಸಂಜೆ ಹೇಳಿದೆ. ಮೊದಲು ಅವರು ಬಹಳ ಹೊತ್ತು ನಕ್ಕರು. ‘ಕಾಯಿ ಕೊಟ್ಟು ಕೇಸು ಬಿಡಿಸ್ಲಿಕ್ಕೆ ಹೋದವಳು ನೀನೊಬ್ಬಳೇ ಮಾರಾಯ್ತಿ, ಬಾಳೆಹಣ್ಣೂ ಇಟ್ಟಿದ್ರೆ ಬಂದರನ್ನೇ ಬರೆದುಕೊಡ್ತಿದ್ರು’ ಎಂದರು. ಆಮೇಲೆ ನಗು ನಿಂತು ಸಿಟ್ಟು ಬಂತು. ಆಮೇಲೆ, ಆದದ್ದು ಒಳ್ಳೆಯದೇ ಆಯ್ತು, ಚಿದಾನಂದನೂ ಹಾಗೆಯೇ ಹೇಳಿಬಿಡಲಿ ಎಂದರು. ಯಾಕೆಂದರೆ ಕಂಪನಿಯವರು ವಕೀಲರ ಮೂಲಕ ಇನ್ನೊಂದು ಮಾತು ಕಳಿಸಿದ್ದಾರೆ. ಗುರುವಾರ ನೀನು ಕೋರ್ಟಿನಲ್ಲಿ, ದೋಣಿಯವರಿಗೆ ಅಪಾಯ ಇರಲಿಲ್ಲ, ನಾನು ತಪ್ಪು ತಿಳಿದು ಆಜ್ಞೆ ಮೀರಿದೆ ಎಂದರೆ, ನಿನ್ನ ಪುಸ್ತಕವನ್ನು ಯಾವ ಕೆಟ್ಟ ಗುರುತೂ ಹಾಕದೆ ವಾಪಸು ಕೊಟ್ಟು ಊರಿಗೆ ಕಳಿಸುತ್ತಾರೆ. ಇಲ್ಲದಿದ್ದರೆ ಕೇಸು ಕೊನೆಯ ತನಕ ನಡೆಯುತ್ತದೆ. ಸೋತರೆ ಆಜ್ಞೆ ಮೀರಿದವನೆಂಬ ಗುರುತು ಬೀಳುತ್ತದೆ, ಆಮೇಲೆ ಯಾವ ಹಡಗೂ ನಿನ್ನನ್ನು ಹತ್ತಿಸುವುದಿಲ್ಲ. ವಂಜಿರು ಅವರು ಇದನ್ನು ನಿನಗೂ ಹೇಳಿರುತ್ತಾರೆ. ನನ್ನ ಹೇಳಿಕೆಯ ವಿಷಯ ಮಾತ್ರ ನಿನಗೆ ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಬೇಡಿಕೊಂಡಿದ್ದೆ. ಹೇಳುವುದು ಹೀಗೆ ಆಯಿತು.

‘ಸೂಪರ್‌ವೈಸರ್ ಹೇಳಿದ್ದು ಕೇಳದಿದ್ರೆ ಫ್ಯಾಕ್ಟರಿ ನಡೀತದಾ?’ ಎನ್ನುವುದು ನಿನ್ನ ಭಾವನ ಮಾತು. ನೀವು ಸೂಪರ್‌ವೈಸರ್ ಆಗಿರುವಾಗ ಬಾಯ್ಲರಿನ ಒಳಗೆ ಯಾರಾದರೂ ಸಿಕ್ಕಿಕೊಂಡರೆ ಎಂದು ನಾನು ಕೇಳಿದೆ. ಅವರು ಕೆಮ್ಮು ಬಂದವರ ಹಾಗೆ ಎದ್ದು ಹೋದರು. ಫಿಲೋಮಿನಾಳನ್ನು ಕೇಳಿದರೆ ಅವಳದು ಇನ್ನೊಂದು. ಬೆಳಿಗ್ಗೆ ಫೋನಿನಲ್ಲಿ, ‘ಶಾಂತಕ್ಕ, ಅವ ಮಾಡಿದ್ದು ಸರಿ ಅಂತ ನಿಮ್ಮ ತಮ್ಮನಿಗೂ ಗೊತ್ತುಂಟು, ನಿಮಗೂ ಗೊತ್ತುಂಟು, ಮತ್ತೆ ಹೆದರುವುದು ಎಂತದಕ್ಕೆ?’ ಎಂದಳು. ಅವಳಿಗೇನು, ಧೈರ್ಯದ ಮನೆಯಲ್ಲಿ ಹುಟ್ಟಿದವಳು. ನನಗೆ ಇಬ್ಬರೂ ಮಾತಾಡುವಾಗ ಇಬ್ಬರದೂ ಸರಿ ಅನ್ನಿಸುತ್ತದೆ, ಅವರು ನಿಲ್ಲಿಸಿದ ಮೇಲೆ ಯಾರದೂ ಸರಿ ಅನ್ನಿಸುವುದಿಲ್ಲ.

ವಕೀಲರು ಇನ್ನೊಂದು ವಿಷಯ ಹೇಳಿದರು, ಅದರಿಂದ ನನ್ನ ಗೊಂದಲ ಕಡಿಮೆ ಆಗಬೇಕಿತ್ತು, ಹೆಚ್ಚಾಯಿತು. ಬ್ರಿಟಿಷರ ಕಾಲದಲ್ಲಿ ಮೊಂಬಾಸಾದಂಥ ಬಂದರುಗಳಲ್ಲಿ ನಮ್ಮ ಕಡೆಯ ಹಡಗಿನ ಆಳುಗಳನ್ನು ಕೆಲಸ ಒಲ್ಲೆ ಎಂದದ್ದಕ್ಕೆ, ಎದುರು ಮಾತಾಡಿದ್ದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಹಾಕುತ್ತಿದ್ದರಂತೆ. ಕ್ಯಾಪ್ಟನ್ ಹೇಳಿದ್ದೇ ಸಾಕ್ಷಿ. ಆಳಿನ ಭಾಷೆ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅವನು ಕೈ ಮುಗಿದರೆ ತಪ್ಪು ಒಪ್ಪಿದ ಎಂದು ಬರೆದುಕೊಳ್ಳುತ್ತಿದ್ದರಂತೆ. ಈಗ ಹಾಗಿಲ್ಲ, ಈಗ ಎರಡು ಕಾನೂನು ಇದೆ ಎಂದರು. ಹಡಗಿನಲ್ಲಿ ಕ್ಯಾಪ್ಟನ್ ಮಾತು ಮೀರಬಾರದು ಎನ್ನುವುದು ಒಂದು, ಸಮುದ್ರದಲ್ಲಿ ಮುಳುಗುವವರನ್ನು ಬಿಟ್ಟು ಹೋಗಬಾರದು ಎನ್ನುವುದು ಇನ್ನೊಂದು. ಹಾಗಾದರೆ ಯಾವುದು ದೊಡ್ಡದು ಎಂದು ಕೇಳಿದೆ. ಅದನ್ನೇ ಗುರುವಾರ ಕೇಳುವುದು ಎಂದರು. ಓದಿದವರು, ಅವರಿಗೇ ಗೊತ್ತಿಲ್ಲದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ಇಡೀ ಬೆಳಿಗ್ಗೆ ಒಲೆಯ ಮುಂದೆ ನಿಂತು ಯೋಚನೆ ಮಾಡಿದೆ. ಒಮ್ಮೆ, ತಪ್ಪಾಯ್ತು ಅಂದುಬಿಡು ತಮ್ಮಾ, ಒಂದು ಮಾತು ಅಲ್ಲವೇ, ನಾಲಿಗೆಗೆ ಎಲುಬಿಲ್ಲ, ಊರಿಗೆ ಹೋಗು, ಬೇರೆ ಹಡಗು ಹತ್ತು ಎಂದು ಬರೆಯಬೇಕು ಅನ್ನಿಸುತ್ತದೆ. ಚಿಕ್ಕಂದಿನಿಂದ ಹಡಗು ಬಿಟ್ಟು ಬೇರೆ ಏನನ್ನೂ ಬಯಸಿದವನಲ್ಲ ನೀನು, ಗುರುತು ಬಿದ್ದರೆ ದಡದಲ್ಲಿ ಕೂತು ಏನು ಮಾಡುತ್ತೀ? ಒಗ್ಗರಣೆ ಹಾಕುವಷ್ಟರಲ್ಲಿ ಮನಸ್ಸು ತಿರುಗುತ್ತದೆ. ನಮ್ಮ ಪಟ್ಣದಲ್ಲಿ ತಪ್ಪಾಯ್ತು ಎಂದರೆ ತಂಡೇಲನ ಜೊತೆಗಿನ ಜಗಳ ಮುಗಿಯಿತು ಎಂದು ಮಾತ್ರ, ದೋಣಿಯವರನ್ನು ಬಿಟ್ಟುಹೋದದ್ದು ಸರಿ ಎಂದು ಯಾರೂ ಹೇಳಿಸುತ್ತಿರಲಿಲ್ಲ. ಇವರು ಹೇಳಿಸುತ್ತಿರುವುದು ಅಪಾಯ ಇರಲಿಲ್ಲ ಎಂದು. ಆ ನಿಂತವನು ತೆಪ್ಪ ಹಿಡಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವನಿಗೂ ನನ್ನ ಹಾಗೆ ಒಬ್ಬ ಅಕ್ಕ ಯಾವುದೋ ದಡದಲ್ಲಿ ಇದ್ದಾಳು. ಅವಳ ತಮ್ಮ ಸುಮ್ಮನೆ ಅಂಗಿ ಬೀಸುತ್ತಿದ್ದ ಎಂದು ನೀನು ಹೇಳುವುದು, ಹೇಳುವಂತೆ ನಾನು ಬರೆಯುವುದು, ಇದು ಹೇಗೆ ಆದೀತು? ಮತ್ತೆ ನಿನ್ನ ಮುಖ ನೆನಪಾಗುತ್ತದೆ, ಮತ್ತೆ ಮನಸ್ಸು ಹಿಂದೆ ಹೋಗುತ್ತದೆ. ನನ್ನ ಹೇಳಿಕೆಯನ್ನು ಹಿಂದೆ ತೆಗೆದುಕೊಳ್ಳಬೇಕಾದರೆ ನಾನೇ ಮೊಂಬಾಸಾಕ್ಕೆ ಬಂದು ನ್ಯಾಯಾಧೀಶರ ಮುಂದೆ ಹೇಳಬೇಕಂತೆ, ಕಂಪನಿಯ ವಕೀಲರು ನನ್ನನ್ನು ಪ್ರಶ್ನೆ ಕೇಳುತ್ತಾರಂತೆ. ಅದು ನನ್ನಿಂದ ಆಗುವ ಕೆಲಸವಲ್ಲ. ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಲ್ಲು ಎಂದರೆ ಗೊತ್ತಿದ್ದದ್ದೂ ಮರೆಯುತ್ತಿದ್ದವಳು ನಾನು. ನನ್ನ ಹಿಂದಿಯೇ ಇಷ್ಟು ಅನಾಹುತ ಮಾಡಿದ ಮೇಲೆ ಅಲ್ಲಿ ಬಂದು ಇನ್ನೇನು ಹೇಳಿ ಬಿಡುತ್ತೇನೋ. ವಿಭಾಳ ಪರೀಕ್ಷೆ, ಭಾವನ ಕೆಮ್ಮು, ಮನೆ ಯಾರು ನೋಡುತ್ತಾರೆ? ಹಾಗಾಗಿ ನೀನೇ ಯೋಚನೆ ಮಾಡು. ನನಗಿಂತ ಓದಿದ್ದೀ. ಏನು ಹೇಳಿದರೂ ಅಕ್ಕನಿಗೆ ಸಮ್ಮತವೇ ಎಂದು ತಿಳಿ. ಸಮ್ಮತವಲ್ಲದಿದ್ದರೂ ಸಮ್ಮತ.

ಬೆವರುಸಾಲೆಗೆ ಪೌಡರು ಹಾಕಬೇಡ, ತಣ್ಣೀರಿನಲ್ಲಿ ಬಟ್ಟೆ ಒದ್ದೆ ಮಾಡಿ ಒರೆಸು. ಕೋರ್ಟಿಗೆ ಹೋಗುವಾಗ ಬಿಳಿ ಅಂಗಿ ಹಾಕು, ಇಸ್ತ್ರಿ ಇಲ್ಲದಿದ್ದರೆ ಹಾಸಿಗೆಯ ಅಡಿಯಲ್ಲಿ ಮಡಚಿ ಇಡು. ಭಾವನ ಆಶೀರ್ವಾದ, ವಿಭಾಳ ನಮಸ್ಕಾರ. ಮಾಮನಿಗೆ ‘ಸ್ಟೇ ಸ್ಟ್ರಾಂಗ್’ ಎಂದು ಬರೆಯಬೇಕಂತೆ, ಬರೆದಿದ್ದೇನೆ. ಕಡಲ ತಾಯಿ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಶಾಂತಾ

ಮರೆತ ಮಾತು: ಫಿಲೋಮಿನಾ ಬಂದಿದ್ದಾಳೆ, ಕಾರು ಗೇಟಿನ ಹೊರಗೆ ನಿಂತಿದೆ, ಅವಳು ಹಾರ್ನ್ ಹೊಡೆಯುತ್ತಿದ್ದಾಳೆ, ಅಕ್ಷರ ಹೇಗೆ ಬರುತ್ತದೋ ಹಾಗೆ ಓದಿಕೋ. ಕಾಗದ ಕೊಡಲು ಹೊರಗೆ ಹೋದೆ. ಎರಡು ಟಿಕೆಟು ಉಂಟು, ಆಫೀಸಿನವಳೊಬ್ಬಳು ಜ್ವರ ಬಂದು ಬರಲಿಲ್ಲ ಎಂದಳು. ಬನ್ನಿ ಎಂದೂ ಹೇಳಲಿಲ್ಲ, ಸುಮ್ಮನೆ ಹೇಳಿ ನನ್ನ ಮುಖ ನೋಡಿದಳು. ಒಳಗೆ ಬಂದು ಒಂದು ಸೀರೆ ಚೀಲಕ್ಕೆ ಹಾಕಿದೆ. ಭಾವನಿಗೆ ಫೋನ್ ಮಾಡಿದೆ. ಅವರು, ‘ಹೋಗು, ಆದರೆ ಈ ಸಲ ಕೈಯಲ್ಲಿ ಎಂತದೂ ಹಿಡ್ಕೊಂಡು ಹೋಗ್ಬೇಡ’ ಎಂದರು. ಚಿದಾನಂದ, ಅಪಾಯ ಇರಲಿಲ್ಲ ಎಂದು ಮಾತ್ರ ಹೇಳಬೇಡ. ಕ್ಷಮೆ ಕೇಳಿದ್ದು ನಾನು, ನೀನಲ್ಲ, ನಮ್ಮಲ್ಲಿ ಯಾಕೆ ಕೇಳುತ್ತಾರೆ ಎಂದು ನಾನೇ ಹೇಳುತ್ತೇನೆ, ಕನ್ನಡದಲ್ಲಿಯೇ ಹೇಳುತ್ತೇನೆ, ಅವರು ಯಾರನ್ನಾದರೂ ಕರೆಸಿ ತಿಳಿದುಕೊಳ್ಳಲಿ. ನಾನು ಬರುತ್ತಿರುವಾಗ ಈ ಕಾಗದ ಯಾಕೆ ಎಂದು ಫಿಲೋಮಿನಾ ಕೇಳುತ್ತಿದ್ದಾಳೆ. ಇದರಲ್ಲಿರುವುದನ್ನು ನಿನ್ನ ಎದುರು ಕೂತು ಹೇಳಲು ನನ್ನಿಂದ ಆಗುವುದಿಲ್ಲ. ನಾನೇ ನಿನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ. ಓದಿ ಮುಗಿಸಿ ಕರೆ. ಸಿಟ್ಟು ಬಂದು ಕರೆಯದಿದ್ದರೂ ಪರವಾಗಿಲ್ಲ, ಗುರುವಾರ ನಾನು ಕೋರ್ಟಿನಲ್ಲಿ ಇರುತ್ತೇನೆ.